ಅಪ್ಪಯ್ಯನ ವೇಷ ನಾನು ಕಟ್ಟಬೇಕಾ?

ಶರಾವತಿ ದಂಡೆ:

ಸ್ವಲ್ಪ ಉದ್ದ ಇದೆ. ಕವಳ ಹಾಕಿಕೊಂಡು ಕೂತು ಓದಿ.

ನಮ್ಮದು ಹೊನ್ನಾವರ ತಾಲೂಕಿನ ಒಂದು ಹಳ್ಳಿ. ನಾನು ಈಗ ಕಾರವಾರದಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತ, ವಯಸ್ಸು 42. ಅಪ್ಪಯ್ಯ ಬಡಗುತಿಟ್ಟಿನ, ಅಂದರೆ ನಮ್ಮ ಕಡೆಯ ಯಕ್ಷಗಾನ ಶೈಲಿಯ, ವೇಷಧಾರಿ. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ 'ಓ, ಅವರ ಮಗನಾ' ಅನ್ನುತ್ತೀರಿ, ಉಳಿದ ಅರ್ಧ ಜನ ಅವರ ಯಾವ ಆಟ ಯಾವ ಬಯಲಲ್ಲಿ ನೋಡಿದ್ದು ಅಂತ ಬರೆಯಲು ಶುರು ಮಾಡುತ್ತೀರಿ. ನನ್ನ ಪ್ರಶ್ನೆ ಅಲ್ಲೇ ಮುಗಿಯುತ್ತದೆ. ಹುಟ್ಟಿದಾಗಿನಿಂದ ಹಾಗೇ ಆಗಿದೆ.

ಅಪ್ಪಯ್ಯ ಹೋದ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಈ ಆಗಸ್ಟ್‌ಗೆ ಊರಿನವರು ಸೇರಿ ಸಂಸ್ಮರಣೆ ಇಟ್ಟಿದ್ದಾರೆ. ಮಳೆಗಾಲ, ಬಯಲಲ್ಲಿ ಆಗುವುದಿಲ್ಲ, ಹಾಗಾಗಿ ಸಭಾಭವನದಲ್ಲಿ. ಮೊದಲು ಭಾಷಣ, ಆಮೇಲೆ 'ಬಬ್ರುವಾಹನ ಕಾಳಗ'. ಅಪ್ಪಯ್ಯನ ಅರ್ಜುನ ಅಂದರೆ ಘಟ್ಟದ ಮೇಲೂ ಕೆಳಗೂ ಹೆಸರು. ಆ ಅರ್ಜುನನ ವೇಷ ನಾನೇ ಕಟ್ಟಬೇಕು ಅಂತ ಹಟ ಹಿಡಿದಿದ್ದಾರೆ. ಅವರದೇ ಭುಜಕೀರ್ತಿ, ಅವರದೇ ಎದೆಕಟ್ಟು ಹಾಕಿಕೊಂಡು. 'ಪೂರ್ತಿ ಬೇಡ, ಪ್ರವೇಶ ಒಂದು ಮಾಡು, ನಾಲ್ಕು ಹೆಜ್ಜೆ ಹಾಕು, ಜನಕ್ಕೆ ಅಷ್ಟೇ ಸಾಕು' ಅನ್ನುತ್ತಾರೆ. ಎರಡು ಸಲ ಮನೆಗೆ ಬಂದು ಹೋದರು. ಆಯಿ, ನನ್ನ ಅಮ್ಮ, ಏನೂ ಹೇಳುವುದಿಲ್ಲ, ಚಾ ಕೊಟ್ಟು ಒಳಗೆ ಹೋಗುತ್ತಾಳೆ.

ನನಗೆ ಹೆಜ್ಜೆ ಬರುವುದಿಲ್ಲ ಅಂತಲ್ಲ. ಎಂಟನೇ ವರ್ಷದಿಂದ ಕಲಿತವನು. ಬಾಲಗೋಪಾಲ ಕಟ್ಟಿದ್ದೇನೆ, ಲವ ಕುಶ ಎರಡೂ ಮಾಡಿದ್ದೇನೆ. 19ಕ್ಕೆ ಬಿಟ್ಟೆ. ಯಾಕೆ ಬಿಟ್ಟೆ ಅನ್ನುವುದೇ ವಿಷಯ.

ಅದಕ್ಕೂ ಮೊದಲು ನಮ್ಮ ಮನೆ ಹೇಗಿತ್ತು ಅಂತ ಹೇಳಬೇಕು. ದೀಪಾವಳಿ ಕಳೆದು ಮೇಳ, ಅಂದರೆ ಆಟದ ತಂಡ, ತಿರುಗಾಟಕ್ಕೆ ಹೊರಟರೆ ಅಪ್ಪಯ್ಯ ಮತ್ತೆ ಮನೆಯಲ್ಲಿ ನಿಲ್ಲುವುದು ಮಳೆ ಹಿಡಿದ ಮೇಲೆ. ನಮ್ಮ ಮನೆಯ ಮೂರೂ ಮಕ್ಕಳ ಹುಟ್ಟಿದ ದಿನ ಮಾರ್ಚ್‌ನಿಂದ ಜುಲೈ ಒಳಗೆ ಬರುತ್ತದೆ. ಲೆಕ್ಕ ನೀವೇ ಹಾಕಿಕೊಳ್ಳಿ. ಹತ್ತಿರದಲ್ಲೆಲ್ಲೋ ಆಟ ಇದ್ದರೆ ಬೆಳಿಗ್ಗೆ ಮನೆಗೆ ಬರುತ್ತಿದ್ದರು, ಕಿವಿಯ ಹಿಂದೆ ಬಣ್ಣ ಹಾಗೇ ಇರುತ್ತಿತ್ತು. ಬಂದವರೇ ಮಲಗುವುದು. 'ಅಪ್ಪಯ್ಯ ಮಲಗಿದ್ದಾರೆ' ಅನ್ನುವುದು ನಮ್ಮ ಮನೆಯ ಕಾನೂನು. ಪಾತ್ರೆ ಸದ್ದು ಮಾಡಬಾರದು, ಬಾವಿಯ ರಾಟೆ ತಿರುಗಿಸಬಾರದು, ಜಗಳ ಆಡುವುದಿದ್ದರೆ ತೋಟಕ್ಕೆ ಹೋಗಿ ಆಡಬೇಕು. ದಿಂಬಿನ ಚೀಲಕ್ಕೆಲ್ಲ ಬಣ್ಣ, ಕೊಬ್ಬರಿ ಎಣ್ಣೆ ವಾಸನೆ. ಆ ವಾಸನೆ ಬಂದರೆ ನನಗೆ ಈಗಲೂ ಮೆಲ್ಲಗೆ ನಡೆಯಬೇಕು ಅನಿಸುತ್ತದೆ.

ರಂಗಸ್ಥಳದಲ್ಲಿ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳುವ ಮನುಷ್ಯ, ಮನೆಯಲ್ಲಿ ಮಾತು ಲೆಕ್ಕ ಹಾಕಿ ಆಡುತ್ತಿದ್ದರು. ನಾನು ಯಾವ ಕ್ಲಾಸು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ಹೊರಗೆ ಮಾತ್ರ ನಾನು ಅವರ ಮಗನೇ. ಶಾಲೆಯಲ್ಲಿ ಪದ್ಯ ತಪ್ಪಿದರೆ 'ಅಪ್ಪ ಅಂಥ ದೊಡ್ಡ ಕಲಾವಿದ, ನಿನಗೆ ಒಂದು ಪದ್ಯ ಬಾಯಿಗೆ ಬರುವುದಿಲ್ವಾ'. ನನಗೆ ಹೆಣ್ಣು ಕೊಡಲು ಬಂದವರು ಮೊದಲು ಅಪ್ಪಯ್ಯನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಆಮೇಲೆ ನನಗೆ ಸಂಬಳ ಎಷ್ಟು ಅಂತ ಕೇಳಿದರು. ಅಂಗಡಿಯಲ್ಲಿ ಅವರ ಹೆಸರಿಗೆ ಸಾಲ ಧಾರಾಳವಾಗಿ ಸಿಗುತ್ತಿತ್ತು. ಆ ಸಾಲ ಪೂರ್ತಿ ತೀರಿಸಿದ್ದು ನನ್ನ ಗುಮಾಸ್ತಿಕೆ ಸಂಬಳ. ಅದನ್ನು ಯಾವ ಭಾಷಣದಲ್ಲೂ ಹೇಳುವುದಿಲ್ಲ ಬಿಡಿ.

ಈಗ ಆ ಆಟ. ನನಗೆ 19. ಇದೇ ಪ್ರಸಂಗ. ಬಬ್ರುವಾಹನ ಮಾಡುವವರಿಗೆ ಜ್ವರ, ನನ್ನನ್ನು ಹಾಕಿದರು. ಎದುರು ಅಪ್ಪಯ್ಯನ ಅರ್ಜುನ. ಕಥೆ ಗೊತ್ತಲ್ಲ, ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ, ಬಬ್ರುವಾಹನ ಕಟ್ಟುತ್ತಾನೆ, ಬಂದವನು ಅಪ್ಪ ಅಂತ ತಾಯಿಯಿಂದ ಗೊತ್ತಾಗಿ ಕಾಣಿಕೆ ಹಿಡಿದುಕೊಂಡು ಹೋಗುತ್ತಾನೆ, ಅರ್ಜುನ 'ನೀನು ನನ್ನ ಮಗನಲ್ಲ' ಅಂತ ಹಳಿದು ಕಾಣಿಕೆ ಒದೆಯುತ್ತಾನೆ. ಅಲ್ಲಿಯವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ಅಪ್ಪಯ್ಯ ಪದ್ಯ ಬಿಟ್ಟು ಪ್ರಶ್ನೆ ಹಾಕಲು ಶುರು ಮಾಡಿದರು. ನನ್ನ ಮಗ ಅನ್ನುವುದಕ್ಕೆ ಗುರುತೇನು? ನನ್ನ ಯಾವ ಗುಣ ನಿನ್ನಲ್ಲಿದೆ? ಬಿಲ್ಲು ಹಿಡಿಯುವ ರೀತಿ ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ? ಜನ ನಕ್ಕರು. ನನಗೆ ಬಾಯಿ ಕಟ್ಟಿತು. ಒಂದು ಶಬ್ದ ಹೊರಡಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ, ಪದ್ಯ ಹಾಡುವ ಭಾಗವತರು ಮುಂದಿನದನ್ನು ಎತ್ತಿ ನನ್ನನ್ನು ಪಾರು ಮಾಡಿದರು. ಬೆಳಗಿನ ಜಾವ ಬಣ್ಣ ತೆಗೆಯುವಾಗ ಅಪ್ಪಯ್ಯ ಹೇಳಿದ್ದು ಒಂದೇ ಮಾತು, 'ಎಡಗಾಲಿನ ಗೆಜ್ಜೆ ಸಡಿಲ ಇತ್ತು'. ಅಷ್ಟೇ. ನಾನು ಮತ್ತೆ ಗೆಜ್ಜೆ ಕಟ್ಟಲಿಲ್ಲ. ಅವರೂ ಯಾಕೆ ಅಂತ ಒಂದು ದಿನ ಕೇಳಲಿಲ್ಲ.

ಈಗ ಅದೇ ಪ್ರಸಂಗದಲ್ಲಿ ಅದೇ ಅರ್ಜುನ ಆಗಿ ನಿಂತು ಎದುರಿನವನಿಗೆ 'ನೀನು ನನ್ನ ಮಗನಲ್ಲ' ಅನ್ನಬೇಕಂತೆ. ಆಗುವುದಿಲ್ಲ ಅಂದರೆ 'ಅಪ್ಪನ ಹೆಸರಿಗೆ ಇಷ್ಟೂ ಮಾಡುವುದಿಲ್ವಾ' ಅಂತ ಊರು ಹೇಳುತ್ತದೆ. ನಿಮ್ಮಲ್ಲಿ ಯಾರಾದರೂ ಇಂಥ ಮನೆಯಲ್ಲಿ ಬೆಳೆದವರಿದ್ದರೆ ಹೇಳಿ. ಏನು ಮಾಡಲಿ?


ಟಾಗೋರ್ ಕಡಲು:

ನಾನು ಕಾರವಾರದವಳು, ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಿಮ್ಮದು ಅಪ್ಪ, ನನ್ನದು ಅಮ್ಮ. ಹಿಂದೂಸ್ತಾನಿ ಹಾಡುತ್ತಿದ್ದಳು. ಒಂದು ಕಾಲದಲ್ಲಿ ನಮ್ಮ ಕಡೆ ಭಜನಾ ಸಪ್ತಾಹ ಇರಲಿ, ಗಣೇಶೋತ್ಸವ ಇರಲಿ, ಅವಳ ಹಾಡಿಲ್ಲದೆ ಮುಗಿಯುತ್ತಿರಲಿಲ್ಲ. ಧಾರವಾಡ ಆಕಾಶವಾಣಿಯಲ್ಲಿ ರೆಕಾರ್ಡಿಂಗ್ ಇದ್ದರೆ ಹಿಂದಿನ ದಿನವೇ ಬಸ್ ಹತ್ತುವುದು, ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಹುಬ್ಬಳ್ಳಿ. ಘಟ್ಟದ ತಿರುವಿಗೆ ಅವಳಿಗೆ ವಾಂತಿ ಬರುತ್ತಿತ್ತು. ಗಂಟಲು ಹಾಳಾಗಬಾರದು ಅಂತ ಏನೂ ತಿನ್ನದೆ ಹೋಗುತ್ತಿದ್ದಳು.

ಒಂದು ವಿಷಯ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಅಪ್ಪಯ್ಯ ಆರು ತಿಂಗಳು ಮನೆ ಬಿಟ್ಟರೆ ಅದಕ್ಕೆ ತಿರುಗಾಟ ಅಂತ ಹೆಸರಿದೆ, ಮರ್ಯಾದೆ ಇದೆ. ನನ್ನ ಅಮ್ಮ ಎರಡು ರಾತ್ರಿ ಹೋದರೆ ಪಕ್ಕದ ಮನೆಯವರು ನನ್ನನ್ನು ಕರೆದು ಊಟ ಹಾಕಿ, ಹಾಕುತ್ತಾ 'ಪಾಪ ಮಗು' ಅನ್ನುತ್ತಿದ್ದರು. ಆ ಪಾಪ ಅನ್ನುವ ಶಬ್ದ ಕೇಳಿ ಕೇಳಿ ನನಗೂ ಅಮ್ಮನ ಮೇಲೆ ಸಿಟ್ಟು ಬೆಳೆಯಿತು. ಆ ಸಿಟ್ಟು ನಂದಲ್ಲ, ಪಕ್ಕದ ಮನೆಯವರದು ಅಂತ ಗೊತ್ತಾಗುವ ಹೊತ್ತಿಗೆ ನನಗೆ 35 ಆಗಿತ್ತು. ಹಾಗಾಗಿ ಕೇಳುತ್ತೇನೆ. ನಿಮ್ಮ ಆಯಿ ಏನು ಮಾಡುತ್ತಿದ್ದರು ಆ ಆರು ತಿಂಗಳು? ನೀವು ಬರೆದದ್ದರಲ್ಲಿ ಅವರು ಚಾ ಕೊಟ್ಟು ಒಳಗೆ ಹೋಗುವುದು ಬಿಟ್ಟರೆ ಬೇರೆಲ್ಲೂ ಇಲ್ಲ.

ವೇಷದ ವಿಷಯ. ಅಮ್ಮ ಹೋದಾಗ ನನಗೂ ಇದೇ ಬಂತು. 'ಒಂದು ಅಭಂಗ ಹಾಡಿ' ಅಂತ. ಹಾಡಿದೆ. ಚೆನ್ನಾಗಿ ಬರಲಿಲ್ಲ. ಎಲ್ಲರೂ ಕಣ್ಣೊರೆಸಿಕೊಂಡು 'ಅಮ್ಮನ ಹಾಗೇ' ಅಂದರು. ಸುಳ್ಳು. ಶ್ರುತಿಯೇ ನಿಂತಿರಲಿಲ್ಲ. ಅಂದರೆ ಅವರು ನನ್ನ ಹಾಡು ಕೇಳಲೇ ಇಲ್ಲ. ನನಗೆ ಅದೇ ಜಾಸ್ತಿ ನೋವು ಕೊಟ್ಟದ್ದು. ನಿಮಗೂ ಹಾಗೇ ಆಗುತ್ತದೆ. ಚೆನ್ನಾಗಿ ಮಾಡಿದರೆ ಅಪ್ಪನ ರಕ್ತ, ಕೆಟ್ಟರೆ ಪಾಪ ಅಭ್ಯಾಸ ಇಲ್ಲ. ಮಾಡಬೇಡಿ ಅಂತಲೇ ನನ್ನ ಮಾತು.


ಪುಸ್ತಕದ ಹುಳು:

ಇದು ನಿಮ್ಮೊಬ್ಬರದೇ ಸಮಸ್ಯೆ ಅಲ್ಲ ಅಂತ ಹೇಳಲು ಕೆಲವು ಉದಾಹರಣೆ.

ನಮ್ಮ ಗೋಕರ್ಣದ್ದೇ ತೆಗೆದುಕೊಳ್ಳಿ. ಗೌರೀಶ ಕಾಯ್ಕಿಣಿ ಅಂದರೆ ದೊಡ್ಡ ವಿದ್ವಾಂಸರು, ಓದದ ಪುಸ್ತಕ ಇಲ್ಲ ಅನ್ನುವಂಥವರು. ಮಗ ಜಯಂತ ಕಾಯ್ಕಿಣಿ ಅದೇ ಕನ್ನಡದಲ್ಲೇ ಬರೆದರು, ಆದರೆ ಅಪ್ಪನ ದಾರಿಯಲ್ಲಿ ಅಲ್ಲ. ಅಪ್ಪ ವಿಮರ್ಶೆ, ವಿಚಾರ. ಮಗ ಕವಿತೆ, ಕತೆ, ಆಮೇಲೆ ಸಿನಿಮಾ ಹಾಡು. ಓದಿದ್ದು ಜೀವರಸಾಯನಶಾಸ್ತ್ರ, ಕೆಲಸ ಮಾಡಿದ್ದು ಮುಂಬೈಯಲ್ಲಿ. ಮೊದಲ ಸಂಕಲನಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಾಗ ಇನ್ನೂ ಇಪ್ಪತ್ತು ಆಗಿರಲಿಲ್ಲ.

ಶಿವರಾಮ ಕಾರಂತರು ಯಕ್ಷಗಾನಕ್ಕೆ ಏನೆಲ್ಲಾ ಮಾಡಿದರು ಅಂತ ನಿಮಗೆ ಹೇಳಬೇಕಾಗಿಲ್ಲ. ಅವರ ಮಗ ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಓದಿ, ಆಮೇಲೆ ಹುಲಿಯ ಹಿಂದೆ ಕಾಡಿಗೆ ಹೋದರು. ಅಲ್ಲಿ ಹೋಲಿಸುವವರೇ ಇಲ್ಲ!

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮಗ ರಾಜಶೇಖರ ಮನ್ಸೂರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಹಗಲು ಪಾಠ, ಕಛೇರಿ ಇದ್ದಾಗ ಅಪ್ಪನ ಹಿಂದೆ ಕೂತು ದನಿಗೂಡಿಸುವುದು. ಮನ್ಸೂರರು 1992ರಲ್ಲಿ ತೀರಿಕೊಂಡರು. ಆಮೇಲೂ ಮಗ ಹಾಡಿದರು, ಅದೇ ಜೈಪುರ ಅತ್ರೌಲಿ ಘರಾಣೆಯ ಅಪರೂಪದ ರಾಗಗಳನ್ನು. ಹಿಂದೆ ಕೂತು ಹಾಡುವುದಕ್ಕೂ ಒಂದು ಘನತೆ ಇದೆ ಅಲ್ವಾ?


ಮೀನು ಪೇಟೆ:

ಹುಳು ಅವರೇ, ನೀವು ಹೇಳಿದ್ದೆಲ್ಲ ದೊಡ್ಡವರ ದೊಡ್ಡ ಮಕ್ಕಳು. ಇಲ್ಲಿ ಕೇಳುತ್ತಿರುವವರು ಗುಮಾಸ್ತರು. ಹುಲಿ ಹಿಡಿಯಲು ಹೋಗದ, ಸಂಕಲನ ಬರೆಯದ ಮಕ್ಕಳೇ ಜಾಸ್ತಿ. ಅವರಿಗೆ ಏನು ಹೇಳುತ್ತೀರಿ?

ಶರಾವತಿಯವರೇ, ನನ್ನದು ಎರಡೇ ಮಾತು. ಒಂದು, ಸಮಿತಿಯವರಿಗೆ ಟಿಕೆಟ್ ಖರ್ಚಾಗಬೇಕು, ಮಗ ಬಂದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಎರಡು, ಅಪ್ಪನ ಸಾಲ ತೀರಿಸಿದವನು ನೀವು. ಊರಿಗೆ ನೀವು ಏನೂ ಬಾಕಿ ಇಲ್ಲ.


ಚೌಕಿಮನೆ:

ತಮಾ, ನಾನು ನಲವತ್ತು ವರ್ಷ ಮದ್ದಳೆ ಬಾರಿಸಿದವನು, ಕುಮಟಾ ಕಡೆಯವನು. ಈಗ ಬೆರಳು ಬಗ್ಗುವುದಿಲ್ಲ, ಮೊಮ್ಮಗಳ ಫೋನಿನಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅವಳದು.

ನಿನ್ನ ಅಪ್ಪ ಯಾರು ಅಂತ ನನಗೆ ಅಂದಾಜಾಯಿತು. ಹೇಳುವುದಿಲ್ಲ. ಆ ಆಟಕ್ಕೆ ನಾನು ಇರಲಿಲ್ಲ. ಆದರೆ ಅವರ ಅರ್ಜುನನಿಗೆ ಎಷ್ಟೋ ಸಲ ಬಾರಿಸಿದ್ದೇನೆ.

ಮೊದಲು ಒಂದು ಕಲಾವಿದರ ವಿಷಯ. 'ಮಗ ಅನ್ನುವುದಕ್ಕೆ ಗುರುತೇನು' ಅನ್ನುವ ಪ್ರಶ್ನೆ ನಿನಗೆ ಅಂತ ಹುಟ್ಟಿದ್ದಲ್ಲ. ಪದ್ಯ ಮಾತ್ರ ಬರೆದದ್ದು ಇರುತ್ತದೆ, ಅರ್ಥ ಅವರವರು ರಂಗದಲ್ಲೇ ಹುಟ್ಟಿಸಬೇಕು. ಆ ಜಾಗದಲ್ಲಿ ಅರ್ಜುನನಾದವನು ಗುರುತು ಕೇಳಿಯೇ ಕೇಳುತ್ತಾನೆ. ಕೇಳಿದರೆ ಎದುರು ವೇಷಕ್ಕೆ ಬಾಗಿಲು ತೆಗೆದ ಹಾಗೆ. ಪಳಗಿದ ಬಬ್ರುವಾಹನ ಆಗಿದ್ದರೆ, ಗುರುತು ಬೇಕಾದರೆ ಮಣಿಪುರದ ಅರಮನೆಗೆ ಬಾ, ಇಷ್ಟು ವರ್ಷ ನಿನ್ನ ದಾರಿ ನೋಡಿದವಳ ಮುಖ ನೋಡು, ಅದಕ್ಕಿಂತ ಗುರುತು ಬೇಕಾ ಅಂತ ಕೇಳುತ್ತಿದ್ದ. ಆಗ ಚಪ್ಪಾಳೆ ಬಬ್ರುವಾಹನನಿಗೆ. ಅರ್ಜುನ ತಲೆ ತಗ್ಗಿಸಬೇಕು. ನಿನ್ನಪ್ಪ ಆ ಜಾಗದಲ್ಲಿ ತಲೆ ತಗ್ಗಿಸುವುದು ಬಹಳ ಚಂದ. ಬಿಲ್ಲು ಮೆಲ್ಲಗೆ ಕೆಳಗೆ ಬರುತ್ತಿತ್ತು.

ಹಾಗಂತ ಅವರು ಮಾಡಿದ್ದು ಸರಿ ಅನ್ನುವುದಿಲ್ಲ. ಹೊಸಬ ಎದುರಿಗೆ ಬಂದರೆ ಚೌಕಿಯಲ್ಲೇ, ಬಣ್ಣ ಹಚ್ಚುವ ಜಾಗದಲ್ಲೇ, ಹೇಳಿರುತ್ತಾರೆ. ಇಲ್ಲಿ ನಾನು ಇಷ್ಟು ಕೇಳುತ್ತೇನೆ, ನೀನು ಇಷ್ಟು ಹೇಳು, ಆಮೇಲೆ ಪದ್ಯ. ಬೇರೆ ಹುಡುಗರಿಗೆ ಅವರು ಹಾಗೆ ಹೇಳಿಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಿನಗೆ ಹೇಳಲಿಲ್ಲ. ಮಗ, ಬರುತ್ತದೆ ಅಂದುಕೊಂಡರೋ, ಮಗ ಅಂತ ಬಿಗಿ ಮಾಡಿದರೋ. ಹತ್ತೊಂಬತ್ತು ವರ್ಷದವನನ್ನು ಹಾಗೆ ನಿಲ್ಲಿಸಬಾರದಿತ್ತು. ಅವರ ತಪ್ಪೇ ಅದು.

ಇನ್ನೊಂದು. ನಿನಗೆ ಇದು ಗೊತ್ತಿದೆಯೋ ಇಲ್ಲವೋ. ನಿನ್ನಪ್ಪ ಮೊದಲು ಕೀಚಕ ಮಾಡುತ್ತಿದ್ದರು. ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ನಮ್ಮ ಹೊನ್ನಾವರ, ಕುಮಟಾ ಸೀಮೆಯಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ನೋಡಿದ ಜನರ ಎದುರು ಕೀಚಕ ಕಟ್ಟುವುದು ಅಂದರೆ ಏನು ಅಂತ ವೇಷಧಾರಿಗೇ ಗೊತ್ತು. ಒಂದು ಸಲ ಆಟ ಮುಗಿದ ಮೇಲೆ ಯಾರೋ ಚೌಕಿಗೆ ಬಂದು 'ಅಡ್ಡಿಲ್ಲ, ಚಿಟ್ಟಾಣಿ ಹಾಂಗೇ ಇದ್ದು' ಅಂದರು. ಹೊಗಳಿದ್ದೇ. ನಿನ್ನಪ್ಪ ಆ ರಾತ್ರಿ ಮಾತಾಡಲಿಲ್ಲ. ಆಮೇಲೆ ಕೀಚಕ ಬೇಡ, ಅರ್ಜುನ ಕೊಡಿ ಅಂತ ಕೇಳಿ ತೆಗೆದುಕೊಂಡರು. ಅರ್ಜುನ ಅವರದೇ ಆಯಿತು.

ಅವರ ಮೇಲೂ ನೆರಳಿತ್ತು ತಮಾ. ಅಪ್ಪನದಲ್ಲ, ಅಷ್ಟೇ.

ಆಟದ ಮನೆಯಲ್ಲೇ ಹುಟ್ಟಿ ಆಟವನ್ನೇ ಹಿಡಿದವರೂ ಇದ್ದಾರೆ. ಗುಣವಂತೆಯ ಕೆರೆಮನೆ ನೋಡು. ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಮಗ ಶಂಭು ಹೆಗಡೆಯವರು ಅಪ್ಪನ ಹತ್ತಿರ ಕಲಿತದ್ದು ಸಾಲದು ಅಂತ ಕಥಕ್ ಕಲಾವಿದೆ ಮಾಯಾ ರಾವ್ ಅವರ ಹತ್ತಿರ ಹೋಗಿ ನೃತ್ಯ ಕಲಿತು ಬಂದರು. ಅಪ್ಪನ ಹೆಜ್ಜೆಯನ್ನೇ ಇಟ್ಟಿದ್ದರೆ ಅಪ್ಪನ ಮಗ ಆಗಿ ಉಳಿಯುತ್ತಿದ್ದರು. ಈಗ ಮೊಮ್ಮಕ್ಕಳು, ಮರಿಮಕ್ಕಳು ರಂಗದಲ್ಲಿದ್ದಾರೆ.

ನಿನ್ನ ಪ್ರಶ್ನೆಗೆ ಉತ್ತರ. 23 ವರ್ಷ ಗೆಜ್ಜೆ ಕಟ್ಟದವನು ಎರಡು ತಿಂಗಳಲ್ಲಿ ಅರ್ಜುನ ಆಗುವುದಿಲ್ಲ. ಮನಸ್ಸಿನ ಮಾತು ಬಿಡು, ಮೊಣಕಾಲಿನ ಮಾತು. ಮಂಡಿ ಹಾಕಿ ತಿರುಗುವಾಗ ಬೀಳುತ್ತೀ. ಅವರಿಗೂ ಮರ್ಯಾದೆ ಅಲ್ಲ, ನಿನಗೂ ಅಲ್ಲ. ಮತ್ತೆ 'ನಾಲ್ಕು ಹೆಜ್ಜೆ ಸಾಕು' ಅನ್ನುವವರು ಯಾರೇ ಇರಲಿ, ಆಟ ತಿಳಿದವರಲ್ಲ. ನಾಲ್ಕು ಹೆಜ್ಜೆಯೇ ಕಷ್ಟ.


ಉಳಿ ಸುತ್ತಿಗೆ:

ಶಿರಸಿಯಿಂದ. ನಮ್ಮದು ಗುಡಿಗಾರರ ಮನೆ, ಮರ ಮತ್ತು ಗಂಧದ ಕೆತ್ತನೆ ನಮ್ಮ ಕೆಲಸ. ಅಪ್ಪನಿಗೆ ಪ್ರಶಸ್ತಿ ಬಂದಿದೆ, ಗೋಡೆ ತುಂಬಾ ಫೋಟೋ ಇದೆ. ನಾನು ಅದೇ ಕೆಲಸ ಮಾಡುತ್ತೇನೆ, ಅದೇ ಅಂಗಳದಲ್ಲಿ.

ಶರಾವತಿಯವರೇ, ನಿಮಗೊಂದು ಲಾಭ ಇದೆ, ನೀವು ನೋಡುತ್ತಿಲ್ಲ. ಆಟ ಬೆಳಿಗ್ಗೆ ಮುಗಿಯುತ್ತದೆ. ಕೆತ್ತನೆ ಮುಗಿಯುವುದಿಲ್ಲ. ಅಪ್ಪ ಕೆತ್ತಿದ ಗಂಧದ ಗಣಪತಿ ಅಲ್ಲೇ ಶೋಕೇಸಿನಲ್ಲಿ ಕೂತಿರುತ್ತದೆ. ನಾನು ಏನೇ ಮಾಡಿದರೂ ಗಿರಾಕಿ ಒಂದು ಸಲ ಅದನ್ನು ನೋಡುತ್ತಾನೆ, ಒಂದು ಸಲ ನನ್ನದನ್ನು. ಮಾತೇ ಆಡುವುದಿಲ್ಲ, ಬರೀ ಕತ್ತು ತಿರುಗಿಸುತ್ತಾನೆ. ಅದರಲ್ಲೂ ಅಪ್ಪನ ಕಾಲದಲ್ಲಿ ಒಳ್ಳೆಯ ಗಂಧ ಸಿಗುತ್ತಿತ್ತು, ನನಗೆ ಸಿಗುವುದು ಶಿವನಿ ಮರ. ಶಿವನಿಯಲ್ಲಿ ಗಂಧದಷ್ಟು ಸಣ್ಣ ಕುಸುರಿ ನಿಲ್ಲುವುದಿಲ್ಲ, ಎಳೆ ಎದ್ದು ಬರುತ್ತದೆ. ಇದನ್ನು ಗಿರಾಕಿಗೆ ಹೇಳಿದರೆ ನೆವ ಹೇಳಿದ ಹಾಗೆ ಕೇಳುತ್ತದೆ.

ನಮ್ಮಪ್ಪ ಮನೆಯಲ್ಲೇ ಇದ್ದವರು, ದಿನಾ ನಮ್ಮ ಜೊತೆ ಊಟ ಮಾಡಿದವರು. ಆದರೂ ನೆರಳು ನೆರಳೇ. ಅದಕ್ಕೆ ಮೇಳ, ತಿರುಗಾಟ ಕಾರಣ ಅಂತ ನನಗೆ ಅನಿಸುವುದಿಲ್ಲ. ನನ್ನ ಮೊದಲ ಮೂರ್ತಿ ನೋಡಿ ಅವರು ಏನೂ ಹೇಳದೆ ಉಳಿ ತೆಗೆದುಕೊಂಡು ಮೂಗು ಸರಿ ಮಾಡಿದರು. ನಿಮ್ಮ ಗೆಜ್ಜೆ ಸಡಿಲ ಇತ್ತು ಅಂದ ಹಾಗೇ. ಆ ತಲೆಮಾರಿಗೆ ಬರುತ್ತಿದ್ದದ್ದು ಅಷ್ಟೇ ಅಂತ ಕಾಣುತ್ತದೆ. ಸರಿ ಮಾಡುವುದು ಬರುತ್ತಿತ್ತು. ಚೆನ್ನಾಗಿದೆ ಅನ್ನುವುದು ಬರುತ್ತಿರಲಿಲ್ಲ.

ವೇಷ ಕಟ್ಟಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಇಲ್ಲ. ಒಂದು ಕೇಳಬೇಕು. ಆ ಭುಜಕೀರ್ತಿ, ಎದೆಕಟ್ಟು ಮರದ್ದಾ? ಹಳೆಯದಾದರೆ ಮರದ್ದೇ ಇರುತ್ತದೆ. ಒಂದು ವರ್ಷ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರೆ ಹುಳ ಹಿಡಿದಿರುತ್ತದೆ. ಯಾರು ಹಾಕಿಕೊಂಡರೂ ಮೊದಲು ತೆಗೆದು ನೋಡಿ.


ಟಾಗೋರ್ ಕಡಲು:

ಚೌಕಿಮನೆ ಅಜ್ಜ ಹೇಳಿದ ಕೀಚಕನ ಕತೆ ಓದಿ ಸುಮ್ನೆ ಕೂತುಬಿಟ್ಟೆ. ಆದರೂ ಒಂದು ಆಕ್ಷೇಪ ಇದೆ. ಅಪ್ಪನಿಗೂ ನೋವಿತ್ತು ಅಂತ ಗೊತ್ತಾದ ಕೂಡಲೇ ಮಗನ ನೋವು ಸಣ್ಣದಾಗಬೇಕಾ? ನಮ್ಮಲ್ಲಿ ಹಾಗೇ ಮಾಡುತ್ತಾರೆ. ದೊಡ್ಡವರದು ಒಂದು ಕತೆ ಹೇಳಿ ಸಣ್ಣವರ ಬಾಯಿ ಮುಚ್ಚಿಸುವುದು.


ಚೌಕಿಮನೆ:

ಮುಚ್ಚಿಸಲಿಕ್ಕೆ ಹೇಳಿದ್ದಲ್ಲ ತಂಗಿ. ನನಗೆ ಗೊತ್ತಿದ್ದದ್ದು ನನ್ನ ಜೊತೆ ಹೋಗುವುದು ಬೇಡ ಅಂತ ಹೇಳಿದೆ.


ಶರಾವತಿ ದಂಡೆ:

ಎಲ್ಲರದೂ ಎರಡು ಮೂರು ಸಲ ಓದಿದೆ. ನಾಲ್ಕು ದಿನ ಆಯಿತು, ಉತ್ತರ ಬರೆಯಲು ಆಗಲಿಲ್ಲ. ಶನಿವಾರ ಊರಿಗೆ ಹೋಗಿದ್ದೆ.

ಕೀಚಕನ ವಿಷಯ ನನಗೆ ಗೊತ್ತೇ ಇರಲಿಲ್ಲ. 2012ರಲ್ಲಿ ಚಿಟ್ಟಾಣಿಯವರಿಗೆ ಪದ್ಮಶ್ರೀ ಬಂತಲ್ಲ, ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ ಅಂತ ಊರೆಲ್ಲಾ ಹಬ್ಬ. ಅಪ್ಪಯ್ಯನೂ ಹೋಗಿ ಶಾಲು ಹೊದೆಸಿ ಬಂದರು. ಮನೆಗೆ ಬಂದವರು 'ಮುಂದಿನದು ನಿಮಗೇ' ಅಂದರೆ ನಗುತ್ತಿದ್ದರು. ಆಮೇಲೆ ತೋಟಕ್ಕೆ ಹೋಗಿ ಬಹಳ ಹೊತ್ತು ಬರುತ್ತಿರಲಿಲ್ಲ. ಅಹಂಕಾರ ಅಂದುಕೊಂಡಿದ್ದೆ ನಾನು. ಈಗ ಏನು ಅಂದುಕೊಳ್ಳಬೇಕೋ ಗೊತ್ತಿಲ್ಲ. ಸಿಟ್ಟು ಹೋಗಿಲ್ಲ. ಟೀಚರ್ ಹೇಳಿದ ಹಾಗೆ ಹೋಗಬೇಕಾಗಿಯೂ ಇಲ್ಲ ಅಂತ ಕಾಣುತ್ತದೆ.

ಟೀಚರ್ ಕೇಳಿದ ಪ್ರಶ್ನೆ ಚುಚ್ಚಿತು. ಹೌದು, ಆಯಿ ಬಗ್ಗೆ ನಾನು ಒಂದು ಸಾಲು ಬರೆದಿಲ್ಲ. ಆರು ತಿಂಗಳು ಅಡಿಕೆ ಕೊಯ್ಲು, ಸುಲಿಸುವುದು, ಆಳುಗಳ ಲೆಕ್ಕ, ದನ, ಮೂರು ಮಕ್ಕಳು, ಎಲ್ಲಾ ಅವಳೇ. ಅಪ್ಪಯ್ಯನಿಗೆ ಅರ್ಧರಾತ್ರಿ ಅಭಿಮಾನಿಗಳು ಚೀಟಿ ಎಸೆಯುತ್ತಿದ್ದಾಗ ಅವಳು ಅಂಗಳದಲ್ಲಿ ಅಡಿಕೆಗೆ ಮಳೆ ಬಂತಾ ಅಂತ ಎದ್ದು ನೋಡುತ್ತಿದ್ದಳು. ಊರಿಗೆ ಹೋದವನು ಮೊದಲ ಸಲ ಕೇಳಿದೆ, 'ಆಯಿ, ಆ ಆಟಕ್ಕೆ ನೀನು ಬಂದಿದ್ಯಾ' ಅಂತ. ಬಂದಿದ್ದಳಂತೆ. ಹೆಂಗಸರ ಕಡೆ ಹಿಂದೆ ಕೂತಿದ್ದಳಂತೆ. ನನಗೆ ಗೊತ್ತೇ ಇಲ್ಲ! 'ನೀನು ಬಾಯಿ ಬಿಡದೆ ನಿಂತಾಗ ನನಗೆ ಎದ್ದು ಹೇಳಬೇಕು ಅನಿಸಿತ್ತು, ನಾನಿದ್ದೇನೆ ಗುರುತು ಅಂತ' ಅಂದಳು. ನಕ್ಕಳು. ಚೌಕಿಮನೆ ಅಜ್ಜ ಬರೆದ ಉತ್ತರ ಇದೇ ಅಲ್ವಾ? ನಾನು ಅವಳಿಗೆ ಅದನ್ನು ಓದಿ ಹೇಳಿದೆ. 'ಯಾರು ಅವರು, ಮದ್ದಳೆಯವರಾ' ಅಂತ ಕೇಳಿ ಒಂದು ಹೆಸರು ಹೇಳಿದಳು. ಇಲ್ಲಿ ಬರೆಯುವುದಿಲ್ಲ ಅಜ್ಜ, ಸಮಾಧಾನ ಇರಲಿ.

ಸಮಿತಿಗೆ ಆಗುವುದಿಲ್ಲ ಅಂತ ಹೇಳಿದೆ. ಮೊಣಕಾಲು ಅಂತಲೇ ಹೇಳಿದೆ, ಅಜ್ಜನ ಮಾತು ಉಪಯೋಗಕ್ಕೆ ಬಂತು. ಅವರ ಮುಖ ಸಪ್ಪೆಯಾಯಿತು. ಅರ್ಜುನನಿಗೆ ಬೇರೆಯವರನ್ನು ಕರೆಸುತ್ತಾರೆ. ಭಾಷಣ ಮಾಡಿ ಅಂದರು, ಅದಕ್ಕೂ ಇಲ್ಲ ಅಂದೆ. ವೇದಿಕೆ ಮೇಲೆ ಆಯಿಯನ್ನು ಕೂರಿಸುವುದಾದರೆ ಮಾತ್ರ ನಾನು ಮುಂದಿನ ಸಾಲಿನಲ್ಲಿ ಇರುತ್ತೇನೆ ಅಂದೆ. ಅದಕ್ಕೆ ಒಪ್ಪಿದ್ದಾರೆ. ಆಯಿ ಇನ್ನೂ ಒಪ್ಪಿಲ್ಲ.

ಪೆಟ್ಟಿಗೆ ತೆಗೆದೆ. ಶಿರಸಿಯವರು ಹೇಳಿದ್ದು ನಿಜ. ಎಡಗಡೆಯ ಭುಜಕೀರ್ತಿ ಮುಟ್ಟಿದರೆ ಹುಡಿ ಉದುರುತ್ತದೆ. ಎದೆಕಟ್ಟಿಗೆ ಅಂಟಿಸಿದ ಹೊಳೆಯುವ ಬೇಗಡೆ ಹಾಳೆ ಎದ್ದಿದೆ, ಎರಡು ಕನ್ನಡಿ ಚೂರು ಬಿದ್ದಿದೆ. ಮಳೆ ಹಿಡಿದಿದೆ, ಬಿಸಿಲಿಗೆ ಇಡುವ ಹಾಗೂ ಇಲ್ಲ, ಸದ್ಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ. ಇದನ್ನು ಸರಿ ಮಾಡಲು ಆಗುತ್ತದಾ? ಯಾರಿಗೆ ಕೊಡಬೇಕು?


ಉಳಿ ಸುತ್ತಿಗೆ:

ಅಟ್ಟದಿಂದ ಇವತ್ತೇ ಇಳಿಸಿ! ಹೊಗೆಗೆ ಹುಳ ಹೋಗುತ್ತದೆ ನಿಜ, ಆದರೆ ಬಿಸಿಗೆ ಮರ ಸೀಳುತ್ತದೆ, ಬೇಗಡೆ ಪೂರ್ತಿ ಕಪ್ಪಾಗುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ ಒಳಕೋಣೆಯಲ್ಲಿ ಇಡಿ. ಹುಡಿ ಉದುರಿದ ಜಾಗಕ್ಕೆ ಕೈ ಹಚ್ಚಬೇಡಿ.

ಇಲ್ಲಿಗೆ ತನ್ನಿ, ನಾನೇ ನೋಡುತ್ತೇನೆ. ಎಡಗಡೆಯದು ಹೊಸದಾಗಿ ಕೆತ್ತಬೇಕಾಗಬಹುದು, ಬಲಗಡೆಯದು ಅಳತೆಗೆ ಇದೆಯಲ್ಲ. ಬೇಗಡೆ, ಕನ್ನಡಿ ಕಷ್ಟ ಇಲ್ಲ. ಬಿದ್ದ ಚೂರು ಎಸೆಯಬೇಡಿ, ಕಾಗದದಲ್ಲಿ ಕಟ್ಟಿ ತನ್ನಿ. ಆಗಸ್ಟ್ ಒಳಗೆ ಬೇಕಾ ಅಥವಾ ನಿಧಾನ ಅಡ್ಡಿಲ್ವಾ? ದುಡ್ಡು ತೆಗೆದುಕೊಳ್ಳುತ್ತೇನೆ, ಈಗಲೇ ಹೇಳಿಬಿಡುತ್ತೇನೆ.

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವುದಾದರೆ ಬಸ್ಸಿನ ಮೇಲೆ ಹಾಕಬೇಡಿ, ಮಡಿಲಲ್ಲೇ ಇಟ್ಟುಕೊಳ್ಳಿ. ಭಾನುವಾರ ನಾನು ಇರುವುದಿಲ್ಲ.


ಶರಾವತಿ ದಂಡೆ:

ನಿಧಾನ ಅಡ್ಡಿಲ್ಲ. ಶನಿವಾರ ಬರುತ್ತೇನೆ. ಆಯಿಯೂ ಬರುತ್ತಾಳಂತೆ, ಮಾರಿಗುಡಿಗೆ ಹೋಗದೆ ಬಹಳ ದಿನ ಆಯಿತಂತೆ.